ಆನೆ ಎಳೆದರೂ ಜಗ್ಗದ ಬೆಲ್ಟು

"ಇಡೀ ಅರಸೀಕೆರೆ ತಾಲ್ಲೂಕಿನಲ್ಲಿ ನನ್ನಷ್ಟು ಜವಾಬ್ದಾರಿಯುತ ಅಪ್ಪ ಇನ್ನೊಬ್ಬನಿದ್ದರೆ ತೋರಿಸಿ!" ಎಂದು ಆ ಜನವರಿ ಬೆಳಿಗ್ಗೆ ನಾನು ಘೋಷಿಸಿದೆ. ಎಂಟು ತಿಂಗಳ ಮಗ ಸಮ್ಯಕ್‌ಗಾಗಿ ಕಾರಿಗೆ ಬೇಬಿ ಸೀಟು ತಂದಿದ್ದೆ. ಹಳೇಬೀಡಿನ ನನ್ನ ಮಾವನ ಮನೆಗೆ ಅದರಲ್ಲಿ ಅವನ ಮೊದಲ ಸವಾರಿ.

ಹೊರಗೆ ಕೊರೆಯುವ ಮಂಜು. ಎರಡು ಸ್ವೆಟರ್ ಸಾಲದೆಂದು ಮಗನನ್ನು ದಪ್ಪ ರಗ್ಗಿನಲ್ಲಿ ಸುತ್ತಿ, ಸೀಟಿನಲ್ಲಿಟ್ಟು, ರಗ್ಗಿನ ಮೇಲೆ ಬೆಲ್ಟು ಬಿಗಿದೆ.

"ರೀ, ದಪ್ಪ ಬಟ್ಟೆ ಮೇಲೆ ಬೆಲ್ಟ್ ಹಾಕ್ಬಾರ್ದಂತೆ" ಎಂದಳು ಹೆಂಡತಿ ಆಶಾರಾಣಿ. "ಮೊದ್ಲು ಬೆಲ್ಟ್, ಆಮೇಲೆ ಹೊದಿಕೆ. ನರ್ಸ್ ಹೇಳಿದ್ರು."

"ಆನೆ ಎಳೆದ್ರೂ ಜಗ್ಗಲ್ಲ ಕಣೇ ಇದು!"

ಅವಳು ಫ್ಲಾಸ್ಕ್ ತರಲು ಹೋದಳು. ನಾನು ಗಾಜು ಒರೆಸಲು ಹಳೇ ಬನಿಯನ್ ಹುಡುಕುತ್ತಾ ಮಹಡಿಗೆ ಹೋದೆ. ಬಂದು ಇಬ್ಬರೂ ಮುಂದೆ ಕೂತೆವು. ಬೇಬಿ ಸೀಟು ಹಿಂದಕ್ಕೆ ಮುಖ ಮಾಡಿದ್ದರಿಂದ ನಮಗೆ ಕಂಡದ್ದು ಅದರ ಬೆನ್ನು ಮಾತ್ರ. "ಬರ್ತೀವಮ್ಮಾ!" ಎಂದು ಒಳಗಿದ್ದ ಅಮ್ಮನಿಗೆ ಕೂಗಿ ಹೊರಟೇಬಿಟ್ಟೆ.

"ಮಗು ಸದ್ದೇ ಇಲ್ವಲ್ರೀ?"

"ಬೆಚ್ಚಗೆ ಮಲಗಿದಾನೆ! ತಿರುಗಿ ನೋಡಿ ಎಬ್ಬಿಸ್ಬೇಡ." ಅವನ ನಿದ್ದೆ ಕೆಡಬಾರದೆಂದು ಇಬ್ಬರ ಫೋನನ್ನೂ ಸೈಲೆಂಟಿಗೆ ಹಾಕಿದ್ದೆ.

ಜಾವಗಲ್‌ನಲ್ಲಿ ಟೀಗೆ ನಿಲ್ಲಿಸಿದೆ. ಹಾಲು ಕುಡಿಸಲು ರಗ್ಗು ಸರಿಸಿದ ಆಶಾ ಕಿಟಾರನೆ ಕಿರುಚಿದಳು. ರಗ್ಗು ಇತ್ತು. ಬೆಲ್ಟು ಬಿಗಿಯಾಗಿಯೇ ಇತ್ತು. ಮಗು ಇರಲಿಲ್ಲ!

ಸೀಟಿನ ಕೆಳಗೆ ಹುಡುಕಿದೆ, ಡಿಕ್ಕಿ ತೆರೆದೆ. ಕಾಗದ ಪತ್ರ ಇಡುವ ಮುಂದಿನ ಡಬ್ಬಿಯನ್ನೂ ತೆರೆದೆನೆಂದರೆ ನನ್ನ ಬುದ್ಧಿ ಎಲ್ಲಿಗೆ ಹೋಗಿತ್ತೋ ನೀವೇ ಹೇಳಿ! ಆಗ ಫೋನು ಮಿನುಗಿತು. ಅಮ್ಮನ ಹದಿನೇಳನೇ ಕರೆ.

"ಏನಪ್ಪಾ ನಟರಾಜ, ಮಗೀನ ಬಿಟ್ಟು ಎತ್ಲಾಗೆ ಹೋದ್ರಿ? ದೃಷ್ಟಿ ತೆಗ್ಯಾನ ಅಂತ ಒಲೆ ತಾವ ಎತ್ಕೊಂಡ್ ಹೋಗಿದ್ದೆ. ಈಚೆ ಬಂದ್ರೆ ಕಾರೇ ಇಲ್ಲ!"

ಹೇಗೆ ವಾಪಸ್ ಬಂದೆನೋ ನನಗೇ ಗೊತ್ತಿಲ್ಲ. ಸಮ್ಯಕ್ ಮೂತಿಗೆಲ್ಲ ರಾಗಿ ಸರಿ ಮೆತ್ತಿಕೊಂಡು ಅಜ್ಜಿಯ ಮಡಿಲಲ್ಲಿ ನಗುತ್ತಿದ್ದ. ಆಶಾ ಅವನನ್ನು ಅಪ್ಪಿಕೊಂಡು ಅತ್ತುಬಿಟ್ಟಳು.

"ಅಮ್ಮಾ, ಆ ಬೆಲ್ಟ್ ಹೇಗೆ ಬಿಚ್ಚಿದೆ?"

"ಅದೆಲ್ಲಾ ನಂಗೆಲ್ಲಿ ಬತ್ತೈತೆ? ಬಿಚ್ಚೇ ಇಲ್ಲ ಕಣಪ್ಪಾ. ಕಂಕುಳಿಗೆ ಕೈ ಹಾಕಿ ಎತ್ತಿದೆ, ಹಿತುಕಿದ ಅವರೆಕಾಳಂಗೆ ಪುಳಕ್ ಅಂತ ಬಂತು. ಬಿಸಿ ಆರ್ದೇ ಇರ್ಲಿ ಅಂತ ರಗ್ಗಿನ ಬಾಯಿ ಮುಚ್ಚಿಟ್ಟಿದ್ದೆ."

ನಾನು ಬಿಗಿದದ್ದು ರಗ್ಗನ್ನು, ಮಗನನ್ನಲ್ಲ! ಅರವತ್ತೆಂಟರ ಅಮ್ಮ ಒಂದೇ ಸಲಕ್ಕೆ ಎತ್ತಿಕೊಂಡ ಮಗು! ದಾರಿಯಲ್ಲಿ ನಾನೊಂದು ಜೋರು ಬ್ರೇಕ್ ಹಾಕಿದ್ದರೆ?

ಆಶಾ ಮಗನನ್ನು ಮತ್ತೆ ಕಾರಿನ ಸೀಟಿಗೆ ತಂದಳು. ಸ್ವೆಟರುಗಳನ್ನು ಬಿಚ್ಚಿ, ತೆಳು ಅಂಗಿಯ ಮೇಲೆ ಬೆಲ್ಟನ್ನು ಮೈಗೆ ಒತ್ತುವಂತೆ ಹಾಕಿ, ಆಮೇಲೆ ಶಾಲು ಹೊದಿಸಿದಳು. ನನ್ನ ಕೈಯಿಂದ ಕೀ ಕಿತ್ತುಕೊಂಡಳು.

"ಈ ರಗ್ಗು ಏನ್ಮಾಡ್ಲಿ?" ಎಂದು ತೊದಲಿದೆ.

"ಹೊದ್ಕೊಂಡು ಹಿಂದೆ ಮಗು ಪಕ್ಕ ಕೂತ್ಕೊಳ್ಳಿ. ನಡುಗ್ತಿರೋದು ಅವನಲ್ಲ, ನೀವು!"

ಗೇರ್ ಹಾಕುವ ಮುನ್ನ ಕನ್ನಡಿಯಲ್ಲಿ ನನ್ನನ್ನು ದಿಟ್ಟಿಸಿದಳು.

"ನೀವೂ ಬೆಲ್ಟ್ ಹಾಕ್ಕೊಳ್ಳಿ. ರಗ್ಗಿನ ಮೇಲಲ್ಲ, ಒಳಗೆ!"