ಮೂರು ಪುರಗಳ ಸಹಕಾರ ರಥ

ಬಹಳ ಹಿಂದೆ, ಅಂದರೆ ಕಸವನ್ನು ಇನ್ನೂ ಕಸವೆಂದೇ ಕರೆಯುತ್ತಿದ್ದ ಕಾಲದಲ್ಲಿ, ಸೌರಭ ದೇಶವೆಂಬ ಒಂದು ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ಮಂದಾನಿಲವರ್ಮ ಪ್ರಭುಗಳು ಆಳುತ್ತಿದ್ದರು. ಪ್ರಭುಗಳು ಪರಾಕ್ರಮಿಗಳು, ಪ್ರಜಾವತ್ಸಲರು, ಬದನೆಕಾಯಿ ಎಣ್ಣೆಗಾಯಿ ಎಂದರೆ ಪ್ರಾಣ ಬಿಡುವವರು. ಅರಮನೆಯ ಕಿಟಕಿಗಳೆಲ್ಲ ಗಾಳಿ ಬೀಸದ ದಿಕ್ಕಿಗಿದ್ದುದರಿಂದ ತಮ್ಮ ರಾಜ್ಯದಲ್ಲಿ ದುರ್ವಾಸನೆ ಎಂಬುದೊಂದು ಇದೆಯೆಂದು ಅವರಿಗೆ ತಿಳಿದಿರಲಿಲ್ಲ. ತಿಳಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಆ ರಾಜ್ಯದಲ್ಲಿ ಮೇಲ್ಪುರ, ನಡುಪುರ, ಕೆಳಪುರ ಎಂಬ ಮೂರು ಊರುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಪ್ರತಿ ಊರಿಗೂ ಒಬ್ಬ ಪುರಪತಿ, ಒಂದು ಪುರಸಭೆ, ಒಂದು ಸ್ವಾಗತ ಕಮಾನು. ಕಸದ ವಿಷಯದಲ್ಲಿ ಇವರದು ಅನಾದಿ ಕಾಲದಿಂದ ಬಂದ ಪದ್ಧತಿ. ಬೆಳಗಾಗುವ ಮುಂಚೆ ಮೇಲ್ಪುರದವರು ತಮ್ಮ ಕಸವನ್ನು ಗುಡಿಸಿ ನಡುಪುರದ ಗಡಿಯಾಚೆ ತಳ್ಳುವರು. ನಡುಪುರದವರು ಅದಕ್ಕೆ ತಮ್ಮದನ್ನೂ ಸೇರಿಸಿ ಕೆಳಪುರದ ಗಡಿಯಾಚೆ ತಳ್ಳುವರು. ಹೀಗೆ ಎರಡೂ ಊರುಗಳು ಸ್ವಚ್ಛತಾ ರ‍್ಯಾಂಕಿಂಗಿನಲ್ಲಿ ಪ್ರತಿ ವರ್ಷ ಮೊದಲ ಸ್ಥಾನವನ್ನು ಹಂಚಿಕೊಳ್ಳುತ್ತಿದ್ದವು. ಕೆಳಪುರದ ಆಚೆ ಯಾವ ಊರೂ ಇರಲಿಲ್ಲ. ಆದರೆ ಕೆಳಪುರದಲ್ಲಿ ಸಣ್ಣೀರಮ್ಮ ಇದ್ದಳು.

ಸಣ್ಣೀರಮ್ಮನಿಗೆ ಹುದ್ದೆಯೂ ಇರಲಿಲ್ಲ, ಬಿರುದೂ ಇರಲಿಲ್ಲ. ಒಂದು ಒಂಟೆತ್ತಿನ ಗಾಡಿ, ಕರಿಯ ಎಂಬ ಒಂದು ಎತ್ತು, ಅಷ್ಟೇ. ಬೆಳಗ್ಗೆ ಮನೆಮನೆ ಮುಂದೆ ಗಾಡಿ ನಿಲ್ಲಿಸಿ, ಹಸಿ ಕಸ ಒಂದು ಕಡೆ, ಒಣ ಕಸ ಇನ್ನೊಂದು ಕಡೆ ಹಾಕಿಸಿಕೊಳ್ಳುವಳು. ಹಸಿಯದು ಕೆರೆ ಹಿಂದಿನ ಬದನೆ ತೋಟಗಳ ಗೊಬ್ಬರದ ಗುಂಡಿಗೆ, ಒಣಗಿದ್ದು ಕುಂಬಾರರ ಆವಿಗೆಗೆ. ಮನೆಯವರು ಹಿಟ್ಟೋ ರೊಟ್ಟಿಯೋ ಕೊಡುವರು, ತೋಟದವರು ಬದನೆಕಾಯಿ ಕೊಡುವರು. ಆ ಗಾಡಿಯೇ ಅವಳ ಅನ್ನ, ಅವಳ ಜಂಬ, ಅವಳ ಬೆಳಗು. ಆದರೆ ಒಂದು ಗಾಡಿ ಮೂರು ಊರಿನ ಕಸ ಹೊರುವುದು ಎಷ್ಟು ದಿನ? ಕರಿಯನ ಹೆಗಲು ಹುಣ್ಣಾಯಿತು. ಸಣ್ಣೀರಮ್ಮ ಒಂದು ಬುಟ್ಟಿ ಕಸವನ್ನು ಸಾಕ್ಷಿಗೆಂದು ತಲೆಯ ಮೇಲಿಟ್ಟುಕೊಂಡು ನೆಟ್ಟಗೆ ರಾಜಸಭೆಗೆ ನಡೆದಳು.

ಬುಟ್ಟಿ ಒಳಗೆ ಬಂದೊಡನೆ ಪ್ರಭುಗಳು ತಮ್ಮ ಜೀವನದಲ್ಲಿ ಮೊದಲ ಸಲ ಮೂಗು ಮುಚ್ಚಿಕೊಂಡರು. ಪ್ರಭುಗಳು ಮುಚ್ಚಿಕೊಂಡರೆಂದು ಸಭೆಯೂ ಮುಚ್ಚಿಕೊಂಡಿತು.

"ಬುದ್ಧಿ, ನನ್ ತಾವ ಇರೋದು ಒಂದೇ ಗಾಡಿ, ಒಂದೇ ಎತ್ತು," ಎಂದಳು ಸಣ್ಣೀರಮ್ಮ. "ಮೂರೂರ್ ಕಸಾನೂ ನಂಗೇ ಬತ್ತದೆ. ಆ ಎಲ್ಡೂರ್ನೋರೂ ಒಂದೊಂದು ಗಾಡಿ ಮಡೀಕಳ್ಳಿ. ಮೂರೂರ್ನೋರೂ ಕೂಡ್ಕಂಡು ಕೆರೆ ಹಿಂದ್ಗಡೆ ಒಂದು ದೊಡ್ಡ ಗುಂಡಿ ತೋಡ್ಕಳ್ಳಿ. ಆಯ್ತು, ಅಷ್ಟೇಯ."

ಮಹಾಮಂತ್ರಿ ಸಮನ್ವಯಶರ್ಮರು ಎದ್ದು ನಿಂತರು. "ಪ್ರಭು, ಈ ಹೆಂಗಸು ತನಗೇ ಅರಿವಿಲ್ಲದೆ ಪ್ರಾದೇಶಿಕ ಸಮಗ್ರ ಘನತ್ಯಾಜ್ಯ ಸಹಭಾಗಿತ್ವದ ಬಗ್ಗೆ ನುಡಿದಿದ್ದಾಳೆ. ಕಲ್ಪನೆ ಘನವಾದದ್ದು. ಆದರೆ ಅದರಲ್ಲೊಂದು ಮೂಲಭೂತ ದೋಷವಿದೆ. ಅದು ತೀರಾ ಸುಲಭವಾಗಿದೆ."

"ಸುಲಭವಾದದ್ದನ್ನು ಮಾಡುವುದಕ್ಕೆ ರಾಜನೇ ಬೇಕೆ?" ಎಂದರು ಪ್ರಭುಗಳು ಕರವಸ್ತ್ರದೊಳಗಿಂದ.

"ಆಹಾ! ಎಂಥ ಮಾತು ಹೇಳಿದಿರಿ ಪ್ರಭು!" ಎಂದು ಸಭೆ ತಲೆದೂಗಿತು. ಮೂಗು ಮುಚ್ಚಿಕೊಂಡೇ ಹೇಳಿದ್ದರಿಂದ ಅದು ಬೇರೆ ರೀತಿ ಕೇಳಿಸಿತು, ಆದರೆ ಭಕ್ತಿಯಲ್ಲಿ ಕೊರತೆಯೇನೂ ಇರಲಿಲ್ಲ.

ಮೂರೂ ಪುರಪತಿಗಳನ್ನು ಕರೆಸಲಾಯಿತು. ಸಮಾಲೋಚನಾ ಶಿಬಿರ ಹದಿನೈದು ದಿನ ನಡೆಯಿತು. ಮೊದಲ ಹದಿಮೂರು ದಿನ ಯಾರು ಯಾವ ಕುರ್ಚಿಯಲ್ಲಿ ಕೂರಬೇಕೆಂಬ ಚರ್ಚೆ. ಹದಿನಾಲ್ಕನೆಯ ದಿನ ಹೋಳಿಗೆ ಊಟ. ಹದಿನೈದನೆಯ ದಿನ ಒಡಂಬಡಿಕೆ ಸಿದ್ಧವಾಯಿತು. ಮೂರು ಊರಿಗೂ ಸೇರಿ ಒಂದೇ ಕಸದ ಗಾಡಿ. ಹೆಸರು, ಸಹಕಾರ ರಥ. ಯಾರಿಗೂ ಹೆಚ್ಚು ಕಡಿಮೆಯಾಗಬಾರದೆಂದು ರಥದ ಮೂರು ಭಾಗಗಳನ್ನು ಮೂರು ಊರಿನವರು ಕೊಡತಕ್ಕದ್ದು. ಮೇಲ್ಪುರದವರು ಕೆತ್ತನೆ ಕೆಲಸದ ತೇಗದ ತೊಟ್ಟಿ ಕೊಟ್ಟರು. ನಡುಪುರದವರು ಪ್ರದರ್ಶನದಲ್ಲಿ ಪದಕ ಗೆದ್ದ ಜೋಡೆತ್ತು ಕೊಟ್ಟರು. ಕೆಳಪುರದ ಪುರಪತಿಯ ಬಳಿ ಕೊಡುವುದಕ್ಕೆ ಏನೂ ಇರಲಿಲ್ಲ. ಆತ ಸಣ್ಣೀರಮ್ಮನ ಗಾಡಿಯ ಎರಡು ಚಕ್ರ ಮತ್ತು ಅಚ್ಚನ್ನು ಬಿಚ್ಚಿಸಿ, ತಮ್ಮ ಪುರದ ಕಾಣಿಕೆಯೆಂದು ಒಪ್ಪಿಸಿಬಿಟ್ಟ. ಉಳಿದ ಗಾಡಿ ಅವಳ ಅಂಗಳದಲ್ಲಿ ನಾಲ್ಕು ಕಲ್ಲಿನ ಮೇಲೆ ಕೂತಿತು. ಅದನ್ನು ನೋಡಿ ಅವಳಿಗೆ ಅಳು ಬಂತು.

"ದುಃಖಿಸಬೇಡ," ಎಂದರು ಅವಳನ್ನು ಸಭೆಗೆ ಕರೆಸಿದ ಮಹಾಮಂತ್ರಿಗಳು. "ನಿನ್ನನ್ನು ಮಹಾಸಾರಥಿಯಾಗಿ ನೇಮಿಸಿದ್ದೇವೆ."

"ಸಾರಥಿ ಆಗೋಕಿಲ್ಲ ಅನ್ನಾಕಿಲ್ಲ ಬುದ್ಧಿ. ಕೆಲ್ಸ ಆದ್ಮೇಲೆ ನನ್ ಚಕ್ರ ನಂಗೆ ಕೊಟ್ಬುಡ್ತೀರಾ?"

"ಯೋಜನೆ ಯಶಸ್ವಿಯಾದ ಮರುದಿನವೇ."

ಆ ಮಾತನ್ನು ನಂಬಿ ಸಣ್ಣೀರಮ್ಮ ಹೆಬ್ಬೆಟ್ಟು ಒತ್ತಿದಳು. ಆಗ ಗುಮಾಸ್ತ ಒಡಂಬಡಿಕೆಯ ಏಳನೆಯ ಕಲಮನ್ನು ಓದಿದ. ಸೂರ್ಯ ಮುಳುಗುವುದರೊಳಗೆ ರಥವನ್ನು ಬಿಚ್ಚಿ, ತೊಟ್ಟಿಯನ್ನು ಮೇಲ್ಪುರಕ್ಕೆ, ಎತ್ತುಗಳನ್ನು ನಡುಪುರಕ್ಕೆ, ಚಕ್ರಗಳನ್ನು ಕೆಳಪುರದ ಉಗ್ರಾಣಕ್ಕೆ ಮರಳಿಸಿ ಬೀಗ ಹಾಕತಕ್ಕದ್ದು. ಒಂದು ಊರಿನ ಪಾಲು ಇನ್ನೊಂದು ಊರಿನಲ್ಲಿ ಒಂದು ರಾತ್ರಿಯೂ ತಂಗತಕ್ಕದ್ದಲ್ಲ.

"ಅಲ್ಲ ಬುದ್ಧಿ," ಎಂದಳು ಸಣ್ಣೀರಮ್ಮ, "ಜೋಡ್ಸೋದ್ ಯಾವಾಗ, ಬಿಚ್ಚೋದ್ ಯಾವಾಗ, ಕಸ ಎತ್ತೋದ್ ಯಾವಾಗ?"

"ನಡುವೆ," ಎಂದರು ಮಹಾಮಂತ್ರಿಗಳು.

ಉದ್ಘಾಟನೆಯ ದಿನ ಸಣ್ಣೀರಮ್ಮ ಕೋಳಿ ಕೂಗುವಾಗಲೇ ಎದ್ದಳು. ಚಕ್ರಗಳನ್ನು ಉರುಳಿಸಿಕೊಂಡು ಮೇಲ್ಪುರದ ಏರು ಹತ್ತಿದಳು. ತೊಟ್ಟಿಯನ್ನು ಅಚ್ಚಿನ ಮೇಲೆ ಕೂರಿಸಿದರು. ನಡುಪುರದ ಎತ್ತುಗಳು ಬರುವ ಹೊತ್ತಿಗೆ ಬಿಸಿಲೇರಿತ್ತು, ಅವು ಕಸದ ವಾಸನೆಗೆ ಹೆಜ್ಜೆ ಕೀಳಲಿಲ್ಲ. ಅವುಗಳ ಕೊಂಬಿಗೆ ಮಲ್ಲಿಗೆ ಸುತ್ತಿ, ಮೂಗಿನ ಮುಂದೆ ಒಬ್ಬ ಅಗರಬತ್ತಿ ಹಿಡಿದುಕೊಂಡು ನಡೆದ ಮೇಲೆ ರಥ ಚಲಿಸಿತು. ಮೂರು ಊರು ಸುತ್ತಿ ತೊಟ್ಟಿ ತುಂಬಿತು. ಸಣ್ಣೀರಮ್ಮ ಗಾಡಿಯನ್ನು ಗೊಬ್ಬರದ ಗುಂಡಿಯ ಕಡೆ ತಿರುಗಿಸಬೇಕು, ಅಷ್ಟರಲ್ಲಿ ರಥದ ಕಾವಲಿನವನು ಅಡ್ಡ ಬಂದ. ಹೊತ್ತು ಮುಳುಗುವುದರಲ್ಲಿತ್ತು. ಏಳನೆಯ ಕಲಮು! ತೊಟ್ಟಿಯನ್ನು ತುಂಬಿದ್ದ ಹಾಗೆಯೇ ಮೇಲ್ಪುರದ ಉಗ್ರಾಣಕ್ಕೆ ಹೊತ್ತು ಬೀಗ ಹಾಕಿದರು.

ಮರುದಿನ ಮೇಲ್ಪುರದ ಪುರಪತಿ ಅರಮನೆಗೆ ಓಡೋಡಿ ಬಂದ. "ಪ್ರಭು, ನಾವು ಕೊಟ್ಟದ್ದು ಬರಿಯ ತೊಟ್ಟಿ! ಮರಳಿ ಬಂದದ್ದು ಮೂರೂರಿನ ಕಸ! ಇದು ನಮ್ಮ ಸ್ವಾಯತ್ತತೆಯ ಮೇಲೆ ನಡೆದ ದಾಳಿ."

ಮಹಾಮಂತ್ರಿಗಳು ಕಣ್ಣು ಮುಚ್ಚಿ ಯೋಚಿಸಿದರು. ಆಮೇಲೆ ಸೌರಭ ದೇಶದ ಆಡಳಿತ ಚರಿತ್ರೆಯಲ್ಲೇ ಅಪೂರ್ವವಾದ ತಿದ್ದುಪಡಿಯೊಂದನ್ನು ಸೂಚಿಸಿದರು. ಅದರಂತೆ, ರಥವನ್ನು ಬಿಚ್ಚುವ ಮುನ್ನ ಯಾವ ಊರಿನ ಕಸ ಯಾವುದೋ ಅದನ್ನು ಆಯಾ ಊರಿಗೆ, ಯಾವ ಮನೆಯದೋ ಆಯಾ ಮನೆಗೆ, ಗೌರವಪೂರ್ವಕವಾಗಿ ಹಿಂದಿರುಗಿಸತಕ್ಕದ್ದು.

"ಎಂಥ ಸಮನ್ವಯ!" ಎಂದರು ಪ್ರಭುಗಳು. "ಯಾರಿಗೂ ಅನ್ಯಾಯವಿಲ್ಲ."

ಅಂದಿನಿಂದ ಸಹಕಾರ ರಥ ನಿರಾತಂಕವಾಗಿ ಓಡಿತು. ಮಧ್ಯಾಹ್ನ ಕಸ ಎತ್ತುವುದು, ಸಂಜೆ ಕಸ ಹಂಚುವುದು. ನಿನ್ನೆಯ ಬಾಳೆಸಿಪ್ಪೆ ಇಂದು ಸ್ವಲ್ಪ ಮೆತ್ತಗಾಗಿ ಮನೆಗೆ ಬರುತ್ತಿತ್ತು. ಹೆಂಗಸರು ಬಾಗಿಲಲ್ಲಿ ನಿಂತು, ಇದು ನಮ್ಮದಲ್ಲ, ನಮ್ಮ ಮನೆಯಲ್ಲಿ ಈ ವಾರ ನುಗ್ಗೆಕಾಯಿಯನ್ನೇ ತಂದಿಲ್ಲ ಎಂದು ಸಣ್ಣೀರಮ್ಮನೊಡನೆ ಜಗಳಕ್ಕೆ ನಿಲ್ಲುತ್ತಿದ್ದರು. ಎತ್ತಿದ ಕಸವೂ ಹೆಚ್ಚು, ವಿಲೇವಾರಿಯಾದ ಕಸವೂ ಅಷ್ಟೇ ಹೆಚ್ಚು ಎಂದು ವರದಿ ಹೋಯಿತು. ನೆರೆಯ ದೇಶಗಳಿಂದ ನಿಯೋಗಗಳು ಅಧ್ಯಯನ ಪ್ರವಾಸಕ್ಕೆ ಬಂದವು. ಪ್ರಭುಗಳಿಗೆ ಕಶ್ಮಲಮರ್ದನ ಎಂಬ ಬಿರುದು ಬಂತು.

ಸಣ್ಣೀರಮ್ಮ ಮಾತ್ರ ಸೊರಗಿದಳು. ಕೆರೆ ಹಿಂದಿನ ಗುಂಡಿಗಳು ಬರಿದಾದವು. ಬದನೆ ಗಿಡಗಳು ಹಳದಿಯಾದವು. ಅವಳಿಗೆ ತಡೆಯಲಾಗಲಿಲ್ಲ. ಬೆಳಗಿನ ಹೊತ್ತು, ಚಕ್ರ ಉರುಳಿಸುವುದಕ್ಕೆ ಮೊದಲು, ಕೆಳಪುರದ ಮನೆಗಳಿಂದ ಹಸಿ ಕಸವನ್ನು ಬುಟ್ಟಿಯಲ್ಲಿ ತುಂಬಿಕೊಂಡು, ತಲೆಯ ಮೇಲೆ ಹೊತ್ತು ತೋಟಕ್ಕೆ ಸುರಿಯತೊಡಗಿದಳು. ಗಿಡಗಳು ಚಿಗುರಿದವು. ಕೆಳಪುರದ ಬೀದಿಗಳು ಸ್ವಲ್ಪ ಉಸಿರಾಡಿದವು. ಅದರಿಂದಲೇ ಸಿಕ್ಕಿಬಿದ್ದಳು. ಸಂಜೆ ಮರಳಿಸಲು ಕಸ ಕಡಿಮೆಯಾಯಿತು. ಕಸದ ಕೊರತೆಯ ಸುದ್ದಿ ರಾಜಧಾನಿಯನ್ನು ತಲುಪಿತು. ನಿಯೋಗವೊಂದು ಬರುವುದಿತ್ತು, ಅದಕ್ಕೆ ತೋರಿಸಲು ಕಸವೇ ಸಾಲದೆಂದು ಅರಮನೆಯವರು ಸಣ್ಣೀರಮ್ಮನನ್ನು ಹಿಡಿದು ತರಿಸಿದರು.

ಅವಳನ್ನು ಸಭೆಯ ನಡುವೆ ನಿಲ್ಲಿಸಿದರು. "ಮೂರು ಪುರಗಳ ಜಂಟಿ ಆಸ್ತಿಯಾದ ಕಸವನ್ನು ಅಪಹರಿಸಿದ್ದೀಯೆ," ಎಂದು ಮಹಾಮಂತ್ರಿಗಳು ಗುಡುಗಿದರು. "ಎಲ್ಲಿದೆ ಅದು?"

"ಬದನೆ ಗಿಡದ ಬುಡಕ್ಕೆ ಆಕ್ದೆ ಬುದ್ಧಿ."

"ಆ ಬದನೆ ಎಲ್ಲಿ?"

"ಅರಮನೆಗೇ ಬತ್ತಿತ್ತು. ತಾವೇ ಉಂಡ್ರಲ್ಲ."

ಪ್ರಭುಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರು. ಅಡುಗೆಯವನನ್ನು ಕರೆಸಿದರು. ಈ ನಡುವೆ ಕಾಯಿ ಬಹಳ ಎಳೆಯದಾಗಿ ಬರುತ್ತಿದೆ ಎಂದು ಆತ ನಿಜ ಹೇಳಿಬಿಟ್ಟ.

"ಪ್ರಭುಗಳ ಉದರವನ್ನು ಸೇರಿದ್ದು ಕಸವಲ್ಲ, ಕಾಣಿಕೆ," ಎಂದರು ಮಹಾಮಂತ್ರಿಗಳು, ಬೆವರು ಒರೆಸಿಕೊಳ್ಳುತ್ತ. "ಹಾಗಾಗಿ ಪ್ರಭುಗಳ ಮೇಲೆ ದೋಷವಿಲ್ಲ. ಕಾಣಿಕೆಯನ್ನು ತಂದವಳನ್ನು ಶಿಕ್ಷಿಸುವಂತೆಯೂ ಇಲ್ಲ. ಆದರೆ ಕೊರತೆ ಕೊರತೆಯೇ. ಅದನ್ನು ಯಾರಾದರೂ ತುಂಬಿಕೊಡಬೇಕು."

"ಹಾಗಾದರೆ ಪ್ರಜೆಗಳೇ ಸರಿ," ಎಂದರು ಪ್ರಭುಗಳು, ಎಂದಿನ ವಾತ್ಸಲ್ಯದಿಂದ.

ಡಂಗುರ ಹೊಡೆಸಲಾಯಿತು. ಕೊರತೆ ತುಂಬುವವರೆಗೆ ಮೂರೂ ಪುರಗಳ ಪ್ರತಿ ಮನೆಯವರೂ ದಿನಕ್ಕೊಂದು ಬುಟ್ಟಿ ಹೆಚ್ಚುವರಿ ಕಸವನ್ನು ಸಹಕಾರ ರಥಕ್ಕೆ ಒಪ್ಪಿಸತಕ್ಕದ್ದು. ಯೋಜನೆ ಯಶಸ್ವಿಯಾಗಿದೆಯೆಂದು ಘೋಷಿಸಿ, ಸಣ್ಣೀರಮ್ಮನ ಚಕ್ರಗಳನ್ನು ಅದೇ ದಿನ ಗಂಧ ಹಚ್ಚಿ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಇರಿಸಿದರು. ರಥಕ್ಕೆ ಹೊಸ ಚಕ್ರಗಳು ಬಂದವು, ಹೊಸ ಸಾರಥಿಯೂ ಬಂದ.

"ನಂಗೆ ಕೊಡ್ತೀನಿ ಅಂದಿದ್ರಲ್ಲ ಬುದ್ಧಿ?" ಎಂದು ಅವಳು ಕೇಳಿದಳು.

"ಪ್ರತಿ ಮಂಗಳವಾರ ಬಂದು ನೋಡಬಹುದು," ಎಂದರು ಮಹಾಮಂತ್ರಿಗಳು.

ಮರುದಿನ ಮಧ್ಯಾಹ್ನ ರಥ ಕೆಳಪುರಕ್ಕೆ ಬಂತು. ಸಣ್ಣೀರಮ್ಮನ ಮನೆಯಲ್ಲಿ ಎಸೆಯುವಂಥದ್ದು ಎಂದೂ ಇದ್ದದ್ದಿಲ್ಲ. ಅವಳು ಹಿತ್ತಲಿಗೆ ಹೋಗಿ, ಸಾರಿಗೆಂದು ಬೆಳೆಸಿದ್ದ ದಂಟಿನ ಸೊಪ್ಪನ್ನು ಬೇರುಸಹಿತ ಕಿತ್ತು ಬುಟ್ಟಿಯಲ್ಲಿ ತುಂಬಿ ತಂದಳು. ಕಾವಲಿನವನು ಒಂದು ಎಲೆ ಎತ್ತಿ ಬೆಳಕಿಗೆ ಹಿಡಿದು ನೋಡಿದ.

"ಇದು ಕಸ ಅಲ್ಲಮ್ಮ. ಚೆನ್ನಾಗಿದೆ. ತಗೊಳಂಗಿಲ್ಲ."

"ಮತ್ತೇನ್ ಮಾಡ್ಲಪ್ಪ?"

"ಕೊಳೀಲಿ. ನಾಳೆ ಬತ್ತೀನಿ. ಅಲ್ಲೀಗಂಟ ಯಾರೂ ತಿನ್ನಬ್ಯಾಡಿ."

ಪಕ್ಕದ ಮನೆಯವರು ಟೊಮೆಟೊ ಸುರಿದುಕೊಂಡು ಕೂತಿದ್ದರು, ಎದುರು ಮನೆಯವರು ಒಂದು ಕುಂಬಳಕಾಯಿಯನ್ನು ಹೋಳು ಮಾಡಿ ಬಿಸಿಲಿಗೆ ಇಟ್ಟಿದ್ದರು. ಸಣ್ಣೀರಮ್ಮ ಬುಟ್ಟಿಯನ್ನು ಮುಂದಿಟ್ಟುಕೊಂಡು ಜಗಲಿಯ ಮೇಲೆ ಕೂತಳು. ಅಂದು ಮೂರೂ ಊರುಗಳಲ್ಲಿ ಯಾರ ಮನೆಯಲ್ಲೂ ಒಲೆ ಹೊತ್ತಲಿಲ್ಲ. ಪ್ರಜೆಗಳೆಲ್ಲ ಹಸಿದ ಹೊಟ್ಟೆಯಲ್ಲಿ, ತಾವೇ ಬೆಳೆದ ಒಳ್ಳೆಯ ತರಕಾರಿ ಯಾವಾಗ ಕೊಳೆತೀತೆಂದು ಕಾಯುತ್ತ, ಅದಕ್ಕೆ ಬಾಯಿ ಹಾಕದಂತೆ ತಮ್ಮ ಮಕ್ಕಳನ್ನು ಹಿಡಿದುಕೊಂಡು ಕೂತಿದ್ದರು.