ಖಾಲಿ ಸೀಟಿಗೆ ಬೆಲ್ಟ್

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ಕಡೆಯೂ ಪಂಪು ರಿಪೇರಿಗೆ ನನ್ನನ್ನು ಬಿಟ್ಟರೆ ಜನ ಇಲ್ಲ. ಜಂಬ ಅಲ್ಲ, ಇದ್ದದ್ದು ಹೇಳ್ತೇನೆ. ಆದರೆ ನಾನು ಸೆಕೆಂಡ್ ಹ್ಯಾಂಡಿನಲ್ಲಿ ದೊಡ್ಡ ವಿದೇಶಿ ಕಾರು ತೆಗೆದುಕೊಂಡ ಮೇಲೆ ಎಲ್ಲರೂ ಪಂಪಿನ ಸುದ್ದಿ ಬಿಟ್ಟು ಕಾರಿನ ಸುದ್ದಿ ಕೇಳುತ್ತಾರೆ. ಹೇಳಲು ಸುದ್ದಿಗೆ ಬರವಿಲ್ಲ. ಕಾರನ್ನು ಶೆಡ್ಡಿನಿಂದ ಹೊರಗೆ ತೆಗೆದರೆ ಸಾಕು, ಏನಾದರೊಂದು ಆಗುತ್ತದೆ.

ಅಂಥ ಕಾರು ಯಾಕೆ ಅಂದರೆ, ಮೊದಲು ನಾವು ನಾಲ್ಕು ಜನ ದೋಸ್ತಿಗಳು ಎರಡು ಬೈಕಿನಲ್ಲಿ ಊರೆಲ್ಲ ತಿರುಗುತ್ತಿದ್ದೆವು. ಆಮೇಲೆ ಮೂವರು ಗಲ್ಫಿಗೆ ಹೋದರು. ಅವರು ರಜೆಯಲ್ಲಿ ಬಂದಾಗ ಎಲ್ಲರನ್ನೂ ಒಂದೇ ಕಾರಿನಲ್ಲಿ ಕೂರಿಸಿ ತಿರುಗಿಸಬೇಕು, ಕಾರು ಕಂಡು ಅವರ ಬಾಯಿ ಕಟ್ಟಬೇಕು ಅಂತ ನನ್ನ ಹಠ.

೧. ಕಿವಿಯ ಪರೀಕ್ಷೆ

ಕಾರು ಇದ್ದದ್ದು ಮೂಡುಬಿದಿರೆಯಲ್ಲಿ. ಬಂಟ್ವಾಳದ ಮೆಕ್ಯಾನಿಕ್ ಅಣ್ಣ, "ನಾನೂ ಬರ್ತೇನೆ, ಒಮ್ಮೆ ನೋಡುವ" ಅಂದಿದ್ದರು.

"ಬೋರ್‌ವೆಲ್ಲಿನ ತಳದಲ್ಲಿ ಪಂಪು ಕೆಮ್ಮಿದರೆ ನನಗೆ ಮೇಲೆ ಕೇಳ್ತದೆ ಅಣ್ಣ. ಕಾರು ಎಂತ ಮಹಾ!" ಅಂದೆ.

ಒಬ್ಬನೇ ಹೋಗಿ ಬಾನೆಟ್ಟಿಗೆ ಕಿವಿ ಇಟ್ಟೆ. ಶಬ್ದ ಬೆಕ್ಕಿನ ಮರಿಯ ಹಾಗೆ ನಯ. ಕಿವಿ ಮಾತ್ರ ಚುರ್ ಅಂತ ಸುಟ್ಟಿತು. ನಾನು ಬರುವ ಮೊದಲೇ ಮಾರುವವರು ಓಡಿಸಿ ಇಂಜಿನ್ ಬಿಸಿ ಮಾಡಿಟ್ಟಿದ್ದಾರೆ ಅಂತ ಹೊಳೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಅಳದಂಗಡಿಯ ನಮ್ಮ ಅಂಗಳದಲ್ಲಿ, ತಣಿದ ಇಂಜಿನ್ ಸ್ಟಾರ್ಟ್ ಮಾಡಿದೆ. ಪಕ್ಕದ ಮನೆಯ ದೊಡ್ಡಮ್ಮ ಬೇಲಿಯ ಆಚೆಯಿಂದ ಕೂಗಿದರು: "ಮಗಾ, ಮಿಲ್ಲು ಹಾಕಿದ್ದಾ? ನನ್ನದು ಎರಡು ಸೇರು ಅಕ್ಕಿ ಉಂಟು, ಹುಡಿ ಮಾಡಿ ಕೊಡು!"

೨. ಕೂತ ಕಾರು

ಈ ಕಾರಿಗೆ ಚಕ್ರದ ಮೇಲೆ ಸ್ಪ್ರಿಂಗ್ ಇಲ್ಲ, ಗಾಳಿಯ ಚೀಲ. ಚೀಲ ಸೋರಲು ಶುರುವಾಯಿತು. ಬೆಳಿಗ್ಗೆ ಎದ್ದು ನೋಡಿದರೆ ಕಾರು ಹೊಟ್ಟೆ ನೆಲಕ್ಕೆ ಹಾಕಿ ಎಮ್ಮೆಯ ಹಾಗೆ ಕೂತಿದೆ.

"ಇದಕ್ಕೆ ಎಂತ ಆಯ್ತು?" ದೊಡ್ಡಮ್ಮ.

"ದೊಡ್ಡ ಕಾರು ದೊಡ್ಡಮ್ಮ. ಯಜಮಾನನನ್ನು ಕಂಡರೆ ಮಂಡಿಯೂರ್ತದೆ."

"ಹೌದಾ? ಈಗ ಏಳ್ಲಿಕ್ಕೆ ಹೇಳು, ನೋಡುವ."

೩. ಬಸ್ಸಿನ ಹಿಂದೆ

ಮೂವರಲ್ಲಿ ಒಬ್ಬ ಕೊನೆಗೂ ರಜೆಗೆ ಬಂದ. ಪೊಳಲಿ ದೇವಸ್ಥಾನಕ್ಕೆ ಹೋಗಿ ಬರುವ ಅಂತ ಹೊರಟೆವು. ಅವ ಪಕ್ಕದ ಸೀಟಿನಲ್ಲಿ ಕೂತದ್ದೇ ನನಗೆ ಹಬ್ಬ. ವಾಪಸ್ ಬರುವಾಗ ಗತ್ತಿನಲ್ಲಿ ಸನ್‌ರೂಫ್ ಬಟನ್ ಒತ್ತಿದೆ. ತಲೆಯ ಮೇಲಿನ ಮಾಡು ತೆರೆಯಿತು. ಮಳೆ ಬಂತು. ಮಾಡು ಮುಚ್ಚಲಿಲ್ಲ.

ಅವನ ಹೊಸ ಅಂಗಿ ಮೈಗೆ ಅಂಟಿತು. ಹಿಂದಿನಿಂದ ಬಸ್ಸು ಬಂದದ್ದೇ ತಡ, ಕಾರು ನಿಲ್ಲಿಸಲು ಹೇಳಿ ಇಳಿದು ಬಸ್ಸಿಗೆ ಕೈ ತೋರಿಸಿದ. "ನೀನೂ ಬಾ ಮಾರಾಯ, ಸೀಟು ಉಂಟು."

"ಇಂಥ ಕಾರು ಇಟ್ಟುಕೊಂಡವ ಬಸ್ಸು ಹತ್ತುವುದಾ?" ಅಂದೆ.

ಡಿಕ್ಕಿಯಲ್ಲಿ ಪಂಪಿನ ಕೆಲಸಕ್ಕೆ ಹೋಗುವಾಗಿನ ಅಡಿಕೆ ಹಾಳೆಯ ಟೊಪ್ಪಿ ಇತ್ತು, ನಮ್ಮ ಮುಟ್ಟಾಳೆ. ಅದನ್ನು ತಲೆಗೇರಿಸಿ ಬಂಟ್ವಾಳದವರೆಗೂ ಆ ಬಸ್ಸಿನ ಹಿಂದೆಯೇ ಹೋದೆ. ಹಿಂದಿನ ಸೀಟಿನವರೆಲ್ಲ ತಿರುಗಿ ನೋಡಿ ನಗುತ್ತಿದ್ದರು. ನಡುವಿನಲ್ಲಿ ಕೂತು ಎಲ್ಲರಿಗಿಂತ ಜಾಸ್ತಿ ನಗುತ್ತಿದ್ದವ ಇವನೇ. ನಾನೂ ಕೈ ಬೀಸಿದೆ.

ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಬಂದು ಹೇಳಿದ: "ನಿನ್ನ ಕಾರು ಭಾರಿ ಲಾಯ್ಕ್ ಉಂಟು ಮಾರಾಯ, ಬಸ್ಸಿನಿಂದ ನೋಡುವಾಗ!"

ರಜೆ ಮುಗಿಯುವವರೆಗೆ ಅವ ಅದನ್ನು ಅಲ್ಲಿಂದಲೇ ನೋಡಿದ.

೪. ಪಕ್ಕದವರು

ಅವ ವಿಮಾನ ಹತ್ತಿದ ವಾರವೇ ಕಾರಿಗೆ ಹೊಸ ರೋಗ. ಎಡಗಡೆಯ ಸೀಟಿನಲ್ಲಿ ಯಾರೂ ಇಲ್ಲ; ಆದರೂ ಪಕ್ಕದವರು ಬೆಲ್ಟ್ ಹಾಕಿಲ್ಲ ಅಂತ ಕಾರು ಟಿಣ್ ಟಿಣ್ ಬಡಿದುಕೊಳ್ಳುತ್ತದೆ.

ದೊಡ್ಡಮ್ಮ ಲಾಯಿಲಕ್ಕೆ ಹೊರಟಿದ್ದರು. "ಬನ್ನಿ, ಬಿಡ್ತೇನೆ" ಅಂತ ಬಾಗಿಲು ತೆಗೆದೆ. ಟಿಣ್ ಟಿಣ್ ಯಾಕೆಂದು ಕೇಳಿದರು, ಹೇಳಿದೆ. ಒಳಗಿಟ್ಟ ಕಾಲು ಹಿಂದೆ ತೆಗೆದರು. "ಮೊದಲೇ ಯಾರೋ ಕೂತಿದ್ದಾರೆ ಅಂತ ಕಾರೇ ಹೇಳ್ತದಲ್ಲ. ನಾನು ಆಟೋದಲ್ಲಿ ಹೋಗ್ತೇನೆ."

ಕೊನೆಗೆ ಖಾಲಿ ಸೀಟಿಗೇ ಬೆಲ್ಟ್ ಹಾಕಿದೆ. ಸದ್ದು ನಿಂತಿತು. ಹಾಗೆಯೇ ಎರಡು ತಿಂಗಳು ಓಡಿಸಿದೆ. ಒಂದು ದಿನ ಕೆಲಸ ಮುಗಿಸಿ ಬರುವಾಗ, "ಇವತ್ತಿನ ಪಂಪು ಭಾರಿ ಸತಾಯಿಸಿತು ಮಾರಾಯ" ಅಂತ ಆ ಸೀಟಿಗೆ ಹೇಳಿದೆ. ಹೇಳಿದ್ದು ನನಗೇ ಕೇಳಿತು. ಮರುದಿನ ಸೀದಾ ಮೆಕ್ಯಾನಿಕ್ ಅಣ್ಣನ ಹತ್ತಿರ ಹೋದೆ.

"ಸೀಟಿನ ಅಡಿಯ ಸೆನ್ಸರ್ ಹೋಗಿದೆ," ಅಂದರು. "ಜನ ಇಲ್ಲದಿದ್ದರೂ ಉಂಟು ಅಂತ ತಿಳ್ಕೊಳ್ತದೆ. ರಿಪೇರಿ ಬೇಕಂತ ಇಲ್ಲ. ಒಬ್ಬರನ್ನು ಕೂರಿಸಿ ಬೆಲ್ಟ್ ಹಾಕಿಸು, ಸುಮ್ಮನಾಗ್ತದೆ."

"ಕೂರಿಸ್ಲಿಕ್ಕೆ ಒಬ್ಬರು, ಆ ಪಾರ್ಟ್ ನಿಮ್ಮಲ್ಲಿ ಉಂಟಾ?"

ಅಣ್ಣ ನನ್ನ ಮುಖ ನೋಡಿದರು. ಕೈಯ ಗ್ರೀಸು ಒರೆಸಿ, ಸೀಟಿನ ಮೇಲೆ ಪೇಪರ್ ಹಾಸಿ, ಕೂತು ಬೆಲ್ಟ್ ಹಾಕಿಕೊಂಡರು. "ನಡಿ, ಒಂದು ರೌಂಡ್ ನೋಡುವ."

ಒಂದು ರೌಂಡ್ ಆಯಿತು. ಸದ್ದಿಲ್ಲ. "ಸರಿ ಉಂಟಲ್ಲ, ನಿಲ್ಲಿಸು" ಅಂದರು.

"ಇಲ್ಲ ಅಣ್ಣ, ಸಣ್ಣಕ್ಕೆ ಏನೋ ಶಬ್ದ ಬರ್ತಾ ಉಂಟು."

"ನನಗೆ ಕೇಳ್ತಿಲ್ಲ."

"ಬೋರ್‌ವೆಲ್ಲಿನ ತಳದ್ದು ಕೇಳುವ ಕಿವಿ ಇದು."

ಅಣ್ಣ ಡ್ಯಾಶ್‌ಬೋರ್ಡಿಗೆ ಕಿವಿ ಕೊಟ್ಟು ಕೂತರು. ಪೊಳಲಿ ಬಂತು.

"ಇಷ್ಟು ದೂರ ಬಂದರೂ ಒಂದು ಶಬ್ದ ಇಲ್ಲವಲ್ಲ ಮಾರಾಯ!"

"ಬರ್ತದೆ ಅಣ್ಣ," ಅಂದೆ. "ಇಳಿಯಿರಿ, ಚಾ ಕುಡಿಯುವ. ವಾಪಸ್ ಹೋಗುವಾಗ ಖಂಡಿತ ಬರ್ತದೆ."