ಕಾಕಾನ ಕಾರ್ಬೊರೇಟರಿನ ಕಚರಾ

ಗೋಕಾಕದಲ್ಲಿ ಸೂರ್ಯ ಸರಿಯಾಗಿ ಹುಟ್ಟಿದ್ದಾನೋ ಇಲ್ಲವೋ ಎಂದು ತಪಾಸಣೆ ಮಾಡುವ ಅಧಿಕಾರಿ ಒಬ್ಬರಿದ್ದಾರೆ. ಅವರೇ ನಮ್ಮ ಕಾಕಾ! ಬೆಳಿಗ್ಗೆ ಅಂಗಳದಲ್ಲಿ ಪೂರ್ವಕ್ಕೆ ಮುಖ ಮಾಡಿ, ಒಂದು ಕಣ್ಣು ಮುಚ್ಚಿ, ಎರಡು ಬೆರಳ ನಡುವೆ ಏನನ್ನೋ ಹಿಡಿದು ನಿಂತಿರುತ್ತಾರೆ. ನೋಡಿದವರು ಎಂಥ ದೈವಭಕ್ತರಪ್ಪಾ ಎಂದುಕೊಳ್ಳಬೇಕು. ಬೆರಳ ನಡುವೆ ಇರುವುದು ಅವರ ಹಳೇ ಮೋಟರ್ ಸೈಕಲ್ಲಿನ ಕಾರ್ಬೊರೇಟರಿನ ಜೆಟ್ಟು. ಪೆಟ್ರೋಲು ಹಾಯ್ದು ಹೋಗಲು ಕೂದಲೆಳೆಯಷ್ಟೇ ತೂತಿರುವ ಹಿತ್ತಾಳೆಯ ಚೂರು. ಆ ತೂತಿನಲ್ಲಿ ಸೂರ್ಯ ಕಂಡರೆ ಜೆಟ್ಟು ಸ್ವಚ್ಛ. ಕಾಣದಿದ್ದರೆ? "ಕಚರಾ ಬಂದೈತಿ!"

ಕಾಕಾನ ವೈದ್ಯಶಾಸ್ತ್ರದಲ್ಲಿ ಇರುವುದು ಇದೊಂದೇ ರೋಗ. ಗಾಡಿ ನಿಂತರೆ ಕಚರಾ. ನಳದಲ್ಲಿ ನೀರು ಬರದಿದ್ದರೆ ಕಚರಾ. ನನಗೆ ನೆಗಡಿಯಾದರೂ ಕಚರಾ. ಒಮ್ಮೆ ಕಾಕಾನ ಹೆಂಡತಿ, ನಮ್ಮ ಕಾಕುವಿನ ಅಣ್ಣ ಮನೆಗೆ ಬಂದವರು ಒಂದು ತಾಸು ಮಾತೇ ಆಡದೆ ಕುಳಿತಿದ್ದರು. "ಇವಗೂ ಎಲ್ಲೋ ಕಚರಾ ಬಂದೈತಿ" ಎಂದು ಕಾಕಾ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಪಿಸುಗುಟ್ಟಿದರು ಎಂದರೆ, ಓಣಿಗೆಲ್ಲ ಕೇಳಿಸುವ ಹಾಗೆ! ಪುಣ್ಯಾತ್ಮರು ಊಟಕ್ಕೂ ನಿಲ್ಲದೆ ಎದ್ದು ಹೋದರು.

ನಾನು ಅವರ ಅಣ್ಣನ ಮಗಳು. ನಮ್ಮದು ಬಾಜೂ ಮನೆ. ಹೀಗಾಗಿ ಈ ಕಾರ್ಬೊರೇಟರ್ ಪುರಾಣಕ್ಕೆ ನಾನು ಹುಟ್ಟಿದಾಗಿನಿಂದ ಪ್ರತ್ಯಕ್ಷ ಸಾಕ್ಷಿ. ಕಾಕಾ ಮೂಡಲಗಿಯ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರರಾಗಿದ್ದವರು. ಇದೇ ಗಾಡಿಯ ಮೇಲೆ ದಿನಾ ಹೋಗಿ ಬಂದು ನಿವೃತ್ತರಾದರು. ಮಕ್ಕಳಿಗೆ ಏನು ಕಲಿಸಿದರೋ ಗೊತ್ತಿಲ್ಲ, ಆದರೆ ಅವರ ಕಿವಿ ಮಾತ್ರ ನಾಡಿಗೆಲ್ಲ ಪ್ರಸಿದ್ಧವಾಗಿತ್ತು. ಮಸಗುಪ್ಪಿಯಿಂದ ಯಾರಾದರೂ ಗಾಡಿ ತಂದು ಹೊರಗೆ ನಿಲ್ಲಿಸಿದರೆ, ಇವರು ಒಳಗೆ ಚಹಾ ಕುಡಿಯುತ್ತಲೇ ಹೇಳುತ್ತಿದ್ದರು: "ಪೆಟ್ರೋಲ್ ಜಾಸ್ತಿ ಕುಡ್ಯಾಕತ್ತೈತಿ ನೋಡಪಾ ನಿನ್ನ ಗಾಡಿ." ಮುಖ ನೋಡುವ ಮೊದಲೇ ತೀರ್ಪು! ಅದು ತಪ್ಪಿದ್ದನ್ನು ನಾನು ಕಾಣೆ.

ಇಷ್ಟೆಲ್ಲ ಇದ್ದರೂ, ಹೋದ ವರ್ಷದಿಂದ ಅವರ ಸ್ವಂತ ಗಾಡಿಗೇ ಗ್ರಹಚಾರ ಹಿಡಿಯಿತು. ಮೊದಲು ತಿಂಗಳಿಗೊಮ್ಮೆ ಬಿಚ್ಚುತ್ತಿದ್ದ ಕಾರ್ಬೊರೇಟರನ್ನು ವಾರಕ್ಕೊಮ್ಮೆ ಬಿಚ್ಚತೊಡಗಿದರು. ಆಮೇಲೆ ದಿನಾ! "ಸೌಂಡ್ ಸರಿ ಇಲ್ಲ, ಮಿಸ್ಸಿಂಗ್ ಹೊಡ್ಯಾಕತ್ತೈತಿ" ಎಂದು ಎಂಜಿನ್ನು ತಡವರಿಸುವುದನ್ನು ದೂರುವುದು, ಬಿಚ್ಚುವುದು. ಪೆಟ್ರೋಲಿನಲ್ಲಿ ತೊಳೆಯಲು ಕಾಕುವಿನ ಸ್ಟೀಲಿನ ಬಟ್ಟಲು. ತಿಕ್ಕಲು ಹಲ್ಲುಜ್ಜುವ ಬ್ರಷ್ಷು. ಹಳೆಯದೇ ಎನ್ನುತ್ತಿದ್ದರು. ಒಂದು ದಿನ ನನ್ನ ಬಾಯೆಲ್ಲ ಪೆಟ್ರೋಲು ನಾರಿದಾಗ ಯಾರದು ಹಳೆಯದಾಗಿತ್ತೆಂದು ತಿಳಿಯಿತು. ಬಿಚ್ಚಿದ ಸಾಮಾನು ಕಳೆಯದಿರಲೆಂದು ಕರದಂಟಿನ ಖಾಲಿ ಡಬ್ಬಿಯಲ್ಲಿ ಇಡುತ್ತಿದ್ದರು. ಕಾಕು ಅವಸರದಲ್ಲಿ ಅದೇ ಡಬ್ಬಿಯನ್ನು ಬೀಗರ ಮುಂದಿಟ್ಟಳು. ಬೀಗರು ಸಭ್ಯರು. ಮುಚ್ಚಳ ತೆಗೆದು ನೋಡಿ, "ನಮಗ ಸಕ್ಕರಿ ಕಾಯಿಲೆ ಐತ್ರಿ" ಎಂದು ಕೈಮುಗಿದರು.

ಅಂಕಲಗಿಯ ಕಥೆ ಹೇಳದಿದ್ದರೆ ಪಾಪ ಬರುತ್ತದೆ. ಅಲ್ಲಿಗೆ ಹೋದಾಗ ದಾರಿಯಲ್ಲೇ ಬಿಚ್ಚಿ ಕುಳಿತರು. ಜೆಟ್ಟು ತೊಳೆದದ್ದಾಯಿತು, ಊದಿದ್ದಾಯಿತು, ಸೂರ್ಯನೇ ಇಲ್ಲ! ಪೂರ್ತಿ ಮೋಡ. ಹಿಂದೆ ಕುಳಿತು ಹೋಗಿದ್ದ ನಾನು ಮೊಬೈಲಿನ ಬೆಳಕು ಹಿಡಿದೆ.

"ಬ್ಯಾಡ. ಖೋಟಾ ಬೆಳಕಿನ್ಯಾಗ ಖರೆ ಕಚರಾ ಕಾಣಂಗಿಲ್ಲ."

"ಮತ್ತೇನು ಮಾಡೂಣ್ರಿ ಕಾಕಾ?"

"ಬರ್ತಾನ ತಡಿ. ಎಲ್ಲಿ ಹೋಗ್ತಾನ ಅಂವಾ?"

ಎರಡು ತಾಸು ರಸ್ತೆ ಬದಿಯಲ್ಲಿ ಸೂರ್ಯನ ದಾರಿ ಕಾಯ್ದೆವು. ಬಂದವನು ಅರ್ಧ ನಿಮಿಷ ಮುಖ ತೋರಿಸಿ ಹೋದ. ಕಾಕಾನ ಎದುರು ಅವನಿಗೂ ಭಯ!

ಕೊನೆಗೆ ಕಾಕುವಿನ ತಾಳ್ಮೆ ಮುಗಿಯಿತು. ಕಾಕು ದಿನವಿಡೀ ಮಾತಾಡುವವಳು, ಉಸಿರಾಡಲು ಮಾತ್ರ ನಿಲ್ಲಿಸುತ್ತಾಳೆ. ಅಂಥವಳು ಅಂದು ನಾಲ್ಕೇ ಮಾತಿನಲ್ಲಿ ಮುಗಿಸಿದಳು: "ನನ್ನ ತವರಮನಿಗೆ ಹೋಗೂಮುಂದ ಈ ಗಾಡಿ ದಾರ್‍ಯಾಗ ನಿಂತ್ರ, ಸೋಮವಾರ ಗುಜರಿಯಾಂವಗ ಕೊಟ್ಟಬಿಡ್ತೀನಿ!" ತಮಾಷೆಯಲ್ಲ, ಗುಜರಿಯವನಿಗೆ ಬರಲು ಹೇಳಿಯೂ ಆಗಿತ್ತು. ಕಾಕಾನ ಮುಖ ನೋಡಿ ನನಗೆ ಸಂಕಟವಾಯಿತು. ಆ ಗಾಡಿ ಹೋದರೆ ಮನುಷ್ಯ ಏನು ಮಾಡಿಯಾನು?

ಕಾಕುವಿನ ತವರು ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿ. ರವಿವಾರ ಅಲ್ಲಿ ಅವಳ ಅಣ್ಣನ ಮಗನ ಮದುವೆ ನಿಶ್ಚಯ. ಮುಂದೆ ಮೋಟರ್ ಸೈಕಲ್ ಮೇಲೆ ಕಾಕಾ ಮತ್ತು ರೇಷ್ಮೆ ಸೀರೆಯ ಕಾಕು, ಹಿಂದೆ ಸ್ಕೂಟರಿನಲ್ಲಿ ನಾನು. ಗಾಡಿ ಏನು ಚೆಂದ ಓಡುತ್ತಿತ್ತು ಅಂತೀರಿ! ಘಟಪ್ರಭಾ ದಾಟಿತು. ಗುಜರಿಯವನ ವ್ಯಾಪಾರ ಕೆಟ್ಟಿತು ಎಂದುಕೊಂಡೆ. ಅಷ್ಟರಲ್ಲಿ ಕಾಕಾ ಗಾಡಿಯನ್ನು ಬದಿಗೆ ತೆಗೆದುಕೊಂಡು ನಿಲ್ಲಿಸಿದರು!

"ಯಾಕ್ರಿ?" ಎಂದಳು ಕಾಕು.

"ಮಿಸ್ಸಿಂಗ್ ಹೊಡ್ಯಾಕತ್ತೈತಿ. ಸೌಂಡs ಇಲ್ಲ. ಕಚರಾ ಬಂದೈತಿ."

ನಾನು ಹಿಂದೆಯೇ ಬಂದವಳು. ಎಂಜಿನ್ನು ಎಲ್ಲಿಯೂ ತಡವರಿಸಿರಲಿಲ್ಲ. ಹೇಳಬೇಕೆನ್ನುವಷ್ಟರಲ್ಲಿ ಅವರು ಕುಕ್ಕರುಗಾಲಲ್ಲಿ ಕುಳಿತು ಬಿಚ್ಚಿಯೇ ಬಿಟ್ಟಿದ್ದರು. ಜೆಟ್ಟು ಕೈಜಾರಿ ಡಾಂಬರಿನ ಮೇಲೆ ಉರುಳಿತು. ಹುಡುಕುತ್ತ ಹುಡುಕುತ್ತ ಕಾಕಾ ರಸ್ತೆಗೇ ಹೋದರು. ಹಿಂದಿನಿಂದ ಎರಡು ಟ್ರೇಲರ್ ಕಬ್ಬು ಹೇರಿಕೊಂಡ ಟ್ರ್ಯಾಕ್ಟರು ಬರುತ್ತಿತ್ತು. ಡ್ರೈವರ್ ಹಾರ್ನ್ ಒತ್ತಿದ. ಮತ್ತೆ ಒತ್ತಿದ. ಕಾಕು ಕಿರುಚಿದಳು. ಕಾಕಾ ತಲೆ ಎತ್ತಲಿಲ್ಲ! ನಾನು ಓಡಿ ಹೋಗಿ ಅಂಗಿ ಹಿಡಿದು ಎಳೆದೆ. ಇಬ್ಬರೂ ಬಿದ್ದೆವು. ಟ್ರ್ಯಾಕ್ಟರು ಬಾಜೂದಿಂದ ಹಾಯ್ದು ಹೋಯಿತು.

"ಹಾರ್ನ್ ಕೇಳಿಸಲಿಲ್ಲೇನ್ರಿ ಕಾಕಾ?"

ಅವರು ನನ್ನ ತುಟಿಯನ್ನೇ ನೋಡಿದರು. "ಯಾವ ಹಾರ್ನ್?"

ಜೆಟ್ಟು ಹುಡುಕಿ ಕೊಟ್ಟೆ, ಅವರು ಕೂಡಿಸಿದರು. ಕಿಕ್ ಹೊಡೆದಾಗ ಗಾಡಿ ಒಂದೇ ಏಟಿಗೆ ಎದ್ದಿತು. ಕಾಕಾ ಪೆಟ್ರೋಲ್ ಟಾಕಿಯ ಮೇಲೆ ಅಂಗೈ ಇಟ್ಟು ನಿಂತರು. "ಯವ್ವಾ, ಖರೆ ಹೇಳು. ಸೌಂಡ್ ಬರಾಕತ್ತೈತೇನ?"

"ಛಲೋ ಬರಾಕತ್ತೈತ್ರಿ ಕಾಕಾ" ಎಂದೆ. ವರ್ಷದಿಂದ ಇವರು ತೊಳೆದದ್ದೆಲ್ಲ ತೊಳೆದ ಕಾರ್ಬೊರೇಟರನ್ನೇ! ಒಂದೇ ಓಣಿಯಲ್ಲಿದ್ದೂ ನಮಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಸೋಮವಾರ ಗುಜರಿಯವನು ಬಂದ. "ಯಾರ್ ಕರದಿದ್ರು ನಿನ್ನ?" ಎಂದು ಕಾಕುವೇ ಅವನನ್ನು ಜಬರಿಸಿ ಓಡಿಸಿದಳು. ಅದೇ ದಿನ ಕಾಕಾನನ್ನು ಕಿವಿಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆವು. ಡಾಕ್ಟರು ಬ್ಯಾಟರಿ ಹಿಡಿದು ನೋಡುವಾಗ ಕಾಕಾ ಆಸೆಯಿಂದ ಕೇಳಿದರು: "ಕಚರಾ ಐತೇನ್ರಿ?"

"ಇಲ್ರಿ ಮಾಸ್ತರ, ಸ್ವಚ್ಛ ಐತಿ. ವಯಸ್ಸಾಗೇತಿ, ಅಷ್ಟs" ಎಂದು ಅವರು ಕಿವಿಯ ಹತ್ತಿರ ಬಾಯಿ ತಂದು ಕೂಗಿ ಹೇಳಿದರು. ಕಾಕಾನಿಗೆ ಇಷ್ಟು ನಿರಾಶೆಯಾದದ್ದನ್ನು ನಾನೆಂದೂ ಕಂಡಿರಲಿಲ್ಲ.

ಕೆಲವು ದಿನಗಳ ಮೇಲೆ ಕಿವಿಗೆ ಮಷಿನ್ನು ಬಂತು. ಹಾಕಿಸಿಕೊಂಡು ಮನೆಗೆ ಬಂದೆವು. ನೇರ ಗಾಡಿಯ ಹತ್ತಿರವೇ ಹೋಗುತ್ತಾರೆಂದು ಕಾಕು ಕೀಲಿಕೈ ಹಿಡಿದೇ ನಿಂತಿದ್ದಳು. ಕಾಕಾ ಅದನ್ನು ಇಸಕೊಂಡು ಕಟ್ಟೆಯ ಮೇಲಿಟ್ಟರು. ಅವಳೆದುರು ಕುಳಿತು, "ಏನರ ಮಾತಾಡು" ಎಂದರು.

ದಿನವಿಡೀ ಮಾತಾಡುವ ನಮ್ಮ ಕಾಕುವಿಗೆ ಅಂದು ಒಂದು ಮಾತೂ ಹೊರಡಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ, "ಚಾ ಮಾಡ್ಲೇನ್ರಿ?" ಎಂದಳು.

ಕಾಕಾ ಕಣ್ಣು ಮುಚ್ಚಿದರು.

"ಇನ್ನೊಮ್ಮೆ ಅನ್ನು."